ಹಾಲಿನಲ್ಲಿ ಕಲಸಿದ ಮೊಸರನ್ನ

ಪಣಕ್ಕಿದ್ದದ್ದು ಹಿತ್ತಲಿನ ನೀರಿನ ಹರವಿಯ ಪಕ್ಕದ ನೆರಳು. ಬೇಸಿಗೆಯ ಕೂಡೂಟಕ್ಕೆ ಅಲ್ಲಿನ ಪ್ರಾಣಿಗಳಲ್ಲಿ ಪ್ರತಿಯೊಬ್ಬರೂ ಒಂದು ಸುಲಭದ ಅಡುಗೆ ತರಬೇಕು. ಯಾರ ಪಾತ್ರೆ ಮೊದಲು ಖಾಲಿಯಾಗುತ್ತದೋ ಅವರಿಗೆ ಮಳೆ ಬರುವವರೆಗೂ ಆ ಜಾಗ. ಹೋದ ವರ್ಷ ಬಿಸಿಲಿಗೆ ಎರಡು ಮರಿಗಳನ್ನು ಕಳೆದುಕೊಂಡಿದ್ದ ಅಳಿಲಿಗೆ ಅದು ಬೇಕೇ ಬೇಕಿತ್ತು.

ಬೆಕ್ಕು ಬೆಳಿಗ್ಗೆಯೇ ಗಟ್ಟಿ ಮೊಸರಿನಲ್ಲಿ ಕಲಸಿದ ಅನ್ನ ತಂದಿಟ್ಟಿತು. ಅಳಿಲಿನ ಪಾತ್ರೆಯನ್ನೂ ಇಣುಕಿ ನೋಡಿ, "ಏನಮ್ಮ ಅಳಿಲವ್ವ, ಇದು ಬರೀ ಹಾಲನ್ನ. ನಿಮ್ಮನೇಲಿ ಮೊಸರಿಗೂ ಬರವೇ?" ಎಂದು ಹಂಗಿಸಿತು.

"ಒಂದು ಚಮಚ ಮೊಸರು ಹಾಕಿದ್ದೇನೆ, ಬೆಕ್ಕಕ್ಕ. ಊಟ ಎಷ್ಟು ಹೊತ್ತಿಗೆ?"

"ಆಮೆಯಜ್ಜ ಬಂದ ಮೇಲೆ. ಹಿರಿಯರು ಬಾರದೆ ಎಲೆ ಹಾಕುವಂತಿಲ್ಲವಲ್ಲ."

"ಅವರ ನಡಿಗೆ ನೋಡಿಕೊಂಡೇ ಕಲಸಿದ್ದು," ಎಂದಿತು ಅಳಿಲು.

ಬೆಕ್ಕು ನಕ್ಕಿತು. ಆಮೆ ಬಾವಿಕಟ್ಟೆ ದಾಟಿ ಬರುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಜಾರಿತ್ತು. ಬೆಕ್ಕಿನ ಅನ್ನ ಹುಳಿಯೇರಿ, ಬಾಯಿಗಿಟ್ಟವರೆಲ್ಲ ಮುಖ ಕಿವುಚಿದರು. ಅಳಿಲಿನ ಪಾತ್ರೆಯಲ್ಲಿ ಹಾಲು ಆಗಷ್ಟೇ ಹೆಪ್ಪುಗಟ್ಟಿ ಹದವಾದ ಮೊಸರಾಗಿತ್ತು. ಆಮೆ ಮೂರು ಸಲ ಬಡಿಸಿಕೊಂಡಿತು. ತಳದಲ್ಲಿ ಉಳಿದದ್ದನ್ನು ಮೊಲವೂ ಕಾಗೆಯೂ ಬಳಿದು ತಿಂದವು.

"ನನ್ನದೂ ಬೆಳಿಗ್ಗೆ ಚೆನ್ನಾಗಿಯೇ ಇತ್ತು," ಎಂದಿತು ಬೆಕ್ಕು.

"ಬೆಳಿಗ್ಗೆ ಊಟಕ್ಕೆ ಕೂತವರು ಯಾರಮ್ಮ?" ಎಂದು ಆಮೆ ಕೇಳಿತು.

ಅಳಿಲು ಕೂಡಲೇ ಗೂಡಿಗೆ ಓಡಿತು. ಈ ವರ್ಷದ ಮೂರೂ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹರವಿಯ ನೆರಳಿಗೆ ಸಾಗಿಸಿತು. ಮೊದಲ ಮಳೆ ಬಿದ್ದ ದಿನ ಎಣಿಸಿ ನೋಡಿದರೆ, ಮೂರಕ್ಕೆ ಮೂರೂ ಇದ್ದವು.