ಸ್ಕೀ ದಾರಿಯ ಕಾಳ್ಯಾ

ಹಿಮದ ಮೇಲೆ ಜಾರುತ್ತ ನಡೆಯಲು ಕಲಿಸುವ ಹಿಮಾಲಯದ ಒಂದು ಸ್ಕೀ ಶಾಲೆಯಲ್ಲಿ ನವಲಗುಂದದ ಫಕೀರಪ್ಪ ಅಡುಗೆಯವನು. ಎರಡು ವರ್ಷದಿಂದ ಊರು ಕಂಡಿರಲಿಲ್ಲ. ಕನ್ನಡ ತಿಳಿಯುವ ಜೀವ ಅಲ್ಲಿ ಒಂದೇ, ಅವನೇ ಸಾಕಿದ ನಾಯಿ ಕಾಳ್ಯಾ.

ಶಾಲೆಯ ಹೊಸ ಮುಖ್ಯಸ್ಥ ಸಾಹೇಬರು ಬಂದವರೇ ಹಿಂದಿಯಲ್ಲಿ ಗುಡುಗಿದರು: "ನನ್ನ ಸ್ಕೀ ದಾರಿಯನ್ನೆಲ್ಲ ನಾಯಿ ತುಳಿದು ಗುಂಡಿ ಮಾಡುತ್ತೆ. ನಾಳೆಯಿಂದ ಅದರ ಒಂದು ಹೆಜ್ಜೆಯೂ ಕಾಣಕೂಡದು!"

"ಆಗಲಿರಿ," ಎಂದ ಫಕೀರಪ್ಪ.

ಮರುದಿನ ಬುತ್ತಿ ಹೊತ್ತು ಸಾಹೇಬರ ಹಿಂದೆ ಹೊರಟಾಗ ಕಾಳ್ಯಾನನ್ನೂ ಬೆನ್ನಚೀಲದಲ್ಲಿ ಕೂರಿಸಿಕೊಂಡ. ಹೆಜ್ಜೆ ಮೂಡಲಿಲ್ಲ; ಸಾಹೇಬರಿಗೆ ಬೈಯಲು ನೆವ ಸಿಗಲಿಲ್ಲ.

ಮಧ್ಯಾಹ್ನ ಮಂಜು ಕವಿಯಿತು. ಹೊಸ ಹಿಮ ಬಿದ್ದು ದಾರಿಯೇ ಮುಚ್ಚಿಹೋಯಿತು.

"ನಾಯಿಗೆ ದಾರಿ ಗೊತ್ತಲ್ಲ, ಇಳಿಸಯ್ಯಾ!" ಎಂದರು ಸಾಹೇಬರು.

ಇಳಿಸಿದ. ಕಾಳ್ಯಾ ಅವನ ಮುಖ ನೋಡುತ್ತ ಕೂತಿತು.

"ನಿಮ್ಮ ಅಪ್ಪಣೆ ಇಲ್ದೆ ಅದು ಹೆಜ್ಜಿ ಇಡಾಂಗಿಲ್ರಿ. ಕನ್ನಡದಾಗ ಹೇಳ್ರಿ: ಮನಿಗೆ ಹೋಗೂಣು ಬಾ."

ಸಾಹೇಬರು ತಡವರಿಸಿದರು. "ಮನಿಗೆ... ಹೋಗೂಣು ಬಾ."

ಎರಡು ವರ್ಷದಲ್ಲಿ ಫಕೀರಪ್ಪ ಇನ್ನೊಬ್ಬರ ಬಾಯಿಂದ ಕನ್ನಡದ ಮಾತು ಕೇಳಿದ್ದು ಇದೇ ಮೊದಲು.

"ಅದಕ್ಕ ಕೇಳಿಸ್ಲಿಲ್ರಿ. ಇನ್ನೊಮ್ಮೆ ಅನ್ರಿ," ಎಂದ.

ಕಾಳ್ಯಾ ಆಗಲೇ ಹತ್ತು ಮಾರು ಮುಂದಿತ್ತು.