ಪುರಿ ಗಾಡಿ ಶೆಡ್ಡಿನ ಕಿಟಕಿ

ಕುಣಿಗಲ್ ಸೀಮೆಯಲ್ಲಿ ಒಂದು ಪಾಳ್ಯ. ಪಾಳ್ಯದಲ್ಲಿ ಒಬ್ಬ ತಾಯಿ, ತಾಯಿಗೊಬ್ಬ ಮಗ. ತಾಯಿ ಹೆಸರು ಕೆಂಪಾಜಮ್ಮ, ಮಗನ ಹೆಸರು ಬೋರಲಿಂಗ. ಮಗನಿಗೆ ಮೂವತ್ತು ತುಂಬಿತ್ತು. ಮೈಯಲ್ಲಿ ಎತ್ತಿನ ಬಲ, ಮನಸ್ಸು ಹಾಲಿನಷ್ಟು ಬಿಳುಪು, ತಲೆಯೊಳಗೆ ಮಾತ್ರ ದೇವರು ಏನೋ ಒಂದನ್ನ ಇಡೋದು ಮರೆತಿದ್ದ. ಕೆಟ್ಟವನಲ್ಲ, ಸೋಮಾರಿಯಲ್ಲ, ಸುಳ್ಳು ಗೊತ್ತೇ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಕಷ್ಟ ಇದ್ದದ್ದೇ ಅಲ್ಲಿ.

ಕೆಂಪಾಜಮ್ಮ ಪುರಿ, ಅಂದರೆ ಮಂಡಕ್ಕಿ, ಮಾರೋಳು. ಗಂಡ ತೀರಿಕೊಂಡ ಮೇಲೆ ತಲೆ ಮೇಲೆ ಮೂಟೆ ಹೊತ್ತು ಸಂತೆ ಸಂತೆ ಅಲೆದಳು. ಐವತ್ತು ದಾಟಿದ ಮೇಲೆ ಲಗೇಜ್ ಆಟೋ ಓಡಿಸೋದು ಕಲಿತು, ಹಳೇದೊಂದು ಆಟೋ ಕೊಂಡಳು. ಸೆರಗು ಸೊಂಟಕ್ಕೆ ಸಿಗಿಸಿ ಹಾರ್ನ್ ಹೊಡೆದುಕೊಂಡು ಅವಳು ಬಂದಳು ಅಂದರೆ ಸಂತೆಯ ಜನ ದಾರಿ ಬಿಡೋರು. ಎಲ್ಲ ಚೆನ್ನಾಗಿತ್ತು, ಕಾಟ ಮಾತ್ರ ಎರಡಿತ್ತು. ಆಟೋನ ಬಯಲಲ್ಲಿ ನಿಲ್ಲಿಸಿದರೆ ಕೋತಿಗಳು ಬಂದು ಮೂಟೆ ಹರಿಯೋವು. ಟಾರ್ಪಾಲು ಬಿಗಿದು ಮುಚ್ಚಿದರೆ ಗಾಳಿಯಿಲ್ಲದೆ ಪುರಿ ಮೆತ್ತಗಾಗೋದು. ಮೆತ್ತಗಾದ ಪುರಿ ಯಾರು ಕೊಳ್ತಾರೆ? ಅದಕ್ಕೇ ಮನೆ ಪಕ್ಕದಲ್ಲಿ ಆಟೋಗೊಂದು ಶೆಡ್ಡು ಕಟ್ಟಿಸೋಕೆ ಹೊರಟಳು.

ಗಾರೆ ಕೆಲಸಕ್ಕೆ ಬಂದವನು ಗವಿಯಪ್ಪ ಮೇಸ್ತ್ರಿ. ಗೋಡೆ ಸೊಂಟದ ಮಟ್ಟ ಎದ್ದಾಗ ಅವನು ಕೈ ತೊಳೆದುಕೊಂಡು ಬಂದು ಕಿಟಕಿ ಎಷ್ಟು ಅಳತೆ ಇಡಲಿ ಅಂತ ಕೇಳಿದ. ಚಿಕ್ಕದಾದರೆ ಪುರಿಗೆ ಗಾಳಿ ಸಾಲದು, ದೊಡ್ಡದಾದರೆ ಕೋತಿ ನುಗ್ಗುತ್ತೆ, ಯೋಚನೆ ಮಾಡಿ ಹೇಳಿ, ಭಾನುವಾರದಿಂದ ನಾನು ಪಕ್ಕದ ಬೀದಿಯಲ್ಲಿ ಬೇರೆ ಮನೆ ಕೆಲಸ ಒಪ್ಪಿಕೊಂಡಿದೀನಿ ಅಂದ.

ಕೆಂಪಾಜಮ್ಮನಿಗೆ ದಿನಾ ಒಂದೊಂದು ಕಡೆ ಸಂತೆ. ಇನ್ಯಾರಿದ್ದಾರೆ? ಮಗನನ್ನ ಕರೆದಳು. ಎರಡೂ ಕೈ ಅಗಲಿಸಿ ತೋರಿಸಿ, ಕಿಟಕಿ ಇಷ್ಟಗಲ ಇರಲಿ, ಈ ಅಳತೆ ತಗೊಂಡೋಗಿ ಕುಣಿಗಲ್ಲಿನಲ್ಲಿ ಬಡಗಿ ವೀರಾಚಾರಿಗೆ ಕೊಡು, ಚೌಕಟ್ಟು ಮಾಡಲಿ ಅಂದಳು.

ಬೋರಲಿಂಗ ಅವ್ವನ ಕೈ ನೋಡಿದ. ತನ್ನ ಕೈನೂ ಅಷ್ಟೇ ಅಗಲಿಸಿದ. ಅಗಲಿಸಿದ ಕೈ ಅಗಲಿಸಿದ ಹಾಗೇ ಹೊರಟ.

ದಾರಿಯಲ್ಲಿ ಸಿಕ್ಕವರು ನಮಸ್ಕಾರ ಅಂದರು, ಇವನು ತಲೆ ಮಾತ್ರ ಬಗ್ಗಿಸಿದ. ಬಸ್ಸು ಬಂತು, ಅಡ್ಡಡ್ಡಕ್ಕೆ ಹತ್ತಿದ. ಕಂಡಕ್ಟರ್ ಟಿಕೆಟ್ ಅಂದಾಗ ಜೇಬು ತೋರಿಸಿ ನೀವೇ ತಗೊಳ್ಳಿ ಅಂದ. ಮೊದಲನೇ ಸ್ಟಾಪಿನಲ್ಲಿ ಹತ್ತು ಜನ ಹತ್ತಿದರು, ಕೈ ಒಂಚೂರು ಒಳಗೆ ಬಂತು. ಎರಡನೇ ಸ್ಟಾಪಿನಲ್ಲಿ ಇಪ್ಪತ್ತು ಜನ ಹತ್ತಿದರು, ಕೈ ಇನ್ನೊಂಚೂರು ಒಳಗೆ ಬಂತು. ಕುಣಿಗಲ್ಲಿನಲ್ಲಿ ಇಳಿಯೋ ಹೊತ್ತಿಗೆ ಕಿಟಕಿ ಎರಡು ಗೇಣಾಗಿತ್ತು.

ವೀರಾಚಾರಿ ಉಳಿ ಕೆಳಗಿಟ್ಟು ಆ ಕೈಗಳನ್ನ ನೋಡಿ, ಇದು ಕೋಳಿ ಗೂಡಿಗಾ ಅಂತ ಕೇಳಿದ. ಬೋರಲಿಂಗ ಸುಳ್ಳು ಹೇಳೋನಲ್ಲ. ಮನೆಯಿಂದ ಹೊರಟಾಗ ದೊಡ್ಡದೇ ಇತ್ತು ಆಚಾರ್ರೇ, ಬಸ್ಸಲ್ಲಿ ಬಹಳ ರಷ್ಷು ಅಂದ. ಆಚಾರಿ ನಕ್ಕು ನಕ್ಕು ಕಣ್ಣೊರೆಸಿಕೊಂಡು ವಾಪಸ್ ಕಳಿಸಿದ.

ಸಂಜೆ ಅವ್ವ ಬೈದಳು. "ಅಳತೆನ ಕೈಯಲ್ಲಿ ಹೊತ್ಕೊಂಡು ಹೋಗ್ತಾರೇನೋ? ಗಳಕ್ಕೆ ಕಚ್ಚು ಹಾಕ್ಕೊಂಡು ಹೋಗಬೇಕು. ಆ ಕಚ್ಚನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು."

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಅವ್ವನೇ ಒಂದು ಬಿದಿರು ಗಳ ತಂದಳು. ಬುಡದಿಂದ ನಾಲ್ಕು ಅಡಿ ಅಳೆದು, ಅಲ್ಲಿಗೆ ಮಚ್ಚಿನಲ್ಲಿ ಒಂದು ಕಚ್ಚು ಹಾಕಿದಳು. ಬುಡದಿಂದ ಕಚ್ಚಿನವರೆಗೆ ಚೌಕಟ್ಟಿನ ಅಗಲ ಅಂತ ಆಚಾರಿಗೆ ಹೇಳು, ಕಚ್ಚು ಜೋಪಾನ ಅಂತ ಎರಡು ಸಲ ಹೇಳಿ ಸಂತೆಗೆ ಹೊರಟಳು.

ಬೋರಲಿಂಗ ಕಚ್ಚಿನ ಮೇಲೆ ಕೈಯಿಟ್ಟುಕೊಂಡು ಬಸ್ ಸ್ಟಾಂಡಿಗೆ ಹೋದ. ಗಳ ಏಳಡಿ ಉದ್ದ. ಕಂಡಕ್ಟರ್ ನೋಡಿ, ಇಷ್ಟುದ್ದ ಬಿದಿರು ಹತ್ತಿಸೋಕಾಗಲ್ಲ, ಯಾರದಾದರೂ ಕಣ್ಣಿಗೆ ಚುಚ್ಚುತ್ತೆ, ಮುರಿದುಕೊಂಡು ಬಾ ಅಂದ. ಬೋರಲಿಂಗ ಯೋಚನೆ ಮಾಡಿದ. ಕಚ್ಚು ಇರೋದು ಮೇಲುಗಡೆ. ಕೆಳಗಡೆ ಏನಿದೆ? ಏನೂ ಇಲ್ಲ, ಬರೀ ಬಿದಿರು. ಬುಡದ ಕಡೆಯಿಂದ ಮೂರಡಿ ಮುರಿದು ಬೇಲಿಗೆಸೆದ. ಕಚ್ಚು ಮಾತ್ರ ಜೋಪಾನವಾಗಿ ಕುಣಿಗಲ್ ಸೇರಿತು.

ಆಚಾರಿ ಅಳೆದು ನೋಡಿದ. ಬುಡದಿಂದ ಕಚ್ಚಿಗೆ ಒಂದೇ ಅಡಿ. ಈ ಸಲ ಅವನು ನಗಲೂ ಇಲ್ಲ. ನಾಳೆ ನಿಮ್ಮವ್ವನನ್ನೇ ಕಳಿಸು ಮಾರಾಯ ಅಂದ.

ಸಂಜೆ ಮತ್ತೆ ಬೈಗುಳ. "ಒಂದು ಚೂರೂ ಕಮ್ಮಿ ಮಾಡಬಾರದು ಕಣೋ! ಅಳತೆ ಅಂದ್ರೆ ಪೂರ್ತಿ ತರಬೇಕು, ಪೂರ್ತಿ ಒಯ್ಯಬೇಕು."

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅಷ್ಟರಲ್ಲಿ ಕೆಂಪಾಜಮ್ಮನಿಗೇ ಅನುಮಾನ ಹತ್ತಿತ್ತು. ನಾಲ್ಕಡಿ ಅಂತ ಬಾಯಿಗೆ ಬಂದದ್ದು ಹೇಳಿದೆ, ಅದು ಸರಿಯೋ ತಪ್ಪೋ? ಗವಿಯಪ್ಪ ಒಂದು ದಾರಿ ಹೇಳಿದ. ಊರಲ್ಲಿ ರಿಟೈರಾದ ಪೋಸ್ಟ್ ಮಾಸ್ಟರ್ ಮನೆಯಲ್ಲಿ ಕಾರು ನಿಲ್ಲಿಸೋ ಶೆಡ್ಡಿದೆ, ಅದರ ಕಿಟಕಿ ಬಹಳ ಚೆನ್ನಾಗಿದೆ, ಅದೇ ಅಳತೆ ಇಡೋಣ. ಕೆಂಪಾಜಮ್ಮ ಬೆಳಗ್ಗೆ ಆಟೋ ಹತ್ತೋವಾಗ ಮಗನಿಗೆ ಹೇಳಿದಳು: ಪೋಸ್ಟ್ ಮಾಸ್ಟರ್ ಮನೆ ಶೆಡ್ಡಿನ ಕಿಟಕಿ ಅಳತೆ ತಗೊಂಡು ಬಾ. ನೆನಪಿರಲಿ, ಪೂರ್ತಿ.

ಮಧ್ಯಾಹ್ನ ಬೋರಲಿಂಗ ಹೋದ. ಮನೆಯವರು ಊಟ ಮಾಡಿ ಮಲಗಿದ್ದರು. ಕಿಟಕಿ ನೋಡಿದ. ಎರಡು ಹಸಿರು ಬಾಗಿಲು, ಕೀಲಿನಿಂದ ಮೇಲಕ್ಕೆತ್ತಿದರೆ ಬರೋಂಥವು. ಎತ್ತಿದ, ಬಂದವು. ತಲೆ ಮೇಲೆ ಇಟ್ಟುಕೊಂಡು ಮನೆಗೆ ತಂದ. ಚೌಕಟ್ಟೂ ಕೀಳೋಣ ಅಂತ ಮತ್ತೆ ಹೊರಟಿದ್ದ, ಅಷ್ಟರಲ್ಲಿ ಪೋಸ್ಟ್ ಮಾಸ್ಟರ ಹೆಂಡತಿ ಸೀತಾಲಕ್ಷ್ಮಮ್ಮ ಇವನ ಮನೆ ಮುಂದೆಯೇ ಎದುರಾದರು. ಇವನು ಅವರನ್ನ ಜಗುಲಿ ಮೇಲೆ ಚಾಪೆ ಹಾಕಿ ಕೂರಿಸಿದ, ನೀರು ಕೊಟ್ಟ, ಬೆಲ್ಲ ಕೊಟ್ಟ, ಎದುರಿಗೆ ತಾನೂ ಕೂತ. ಕೆಂಪಾಜಮ್ಮ ಸಂತೆಯಿಂದ ಬಂದು ನೋಡಿದರೆ ಗೋಡೆಗೆ ಎರಡು ಹಸಿರು ಬಾಗಿಲು ಒರಗಿವೆ, ಜಗುಲಿ ಮೇಲೆ ಸೀತಾಲಕ್ಷ್ಮಮ್ಮ ಬೆಲ್ಲ ಕಚ್ಚುತ್ತಾ ಕೂತಿದ್ದಾರೆ.

"ನಿದ್ದೆಯಿಂದ ಎದ್ದು ಹಿತ್ತಲಿಗೆ ಹೋದರೆ ನಮ್ಮ ಕಾರು ನನ್ನನ್ನೇ ನೋಡ್ತಿತ್ತು ಕೆಂಪಾಜಮ್ಮ" ಅಂದರು ಅವರು. "ಕಳ್ಳನಾಗಿದ್ದರೆ ಕಾರು ಒಯ್ತಿದ್ದ, ಕಿಟಕಿ ಒಯ್ಯೋನು ನಿನ್ನ ಮಗನೇ ಅಂತ ಸೀದಾ ಇಲ್ಲಿಗೆ ಬಂದೆ."

ಕೆಂಪಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೀತಾಲಕ್ಷ್ಮಮ್ಮ ದೊಡ್ಡ ಮನಸ್ಸಿನವರು, ಕೋಪ ಮಾಡಿಕೊಳ್ಳಲಿಲ್ಲ. ಬಂದದ್ದಕ್ಕೆ ಒಂದು ಒಳ್ಳೆ ಮಾತೂ ಹೇಳಿದರು. ಕಿಟಕಿ ದೊಡ್ಡದಿದ್ದರೆ ಗಾಳಿ ಬೆಳಕು ಎರಡಕ್ಕೂ ಒಳ್ಳೇದು, ಶೆಡ್ಡಿಗೆ ನಾಲ್ಕಡಿ ಅಗಲ ಮೂರಡಿ ಎತ್ತರ ಏನೂ ಹೆಚ್ಚಲ್ಲ. ಕೋತಿ ತಡೆಯೋದು ಕಿಟಕಿ ಅಲ್ಲ, ಕಂಬಿ. ಎರಡು ಕಂಬಿ ನಡುವಿನ ಸಂದಿಯಲ್ಲಿ ಕೋತಿ ತಲೆ ತೂರದಿದ್ದರೆ ಸಾಕು. ಕೋತಿ ತಲೆ ಎಷ್ಟಿದೆ ನೋಡಿ ಕಂಬಿ ಹಾಕಿಸಿ ಅಂದರು.

ಅವರು ಬಾಗಿಲು ಹೊರಿಸಿಕೊಂಡು ಹೋದ ಮೇಲೆ ಅವ್ವ ಮಗನನ್ನ ಎದುರಿಗೆ ಕೂರಿಸಿಕೊಂಡಳು. ಇನ್ನೊಬ್ಬರದ್ದನ್ನ ಕೇಳದೆ ಮುಟ್ಟಬಾರದು. ಯಾರದ್ದೋ ಅವರನ್ನ ಮೊದಲು ಕೇಳಬೇಕು. ಅವರು ಹೂಂ ಅಂದ ಮೇಲೇ ಕೈ ಹಾಕಬೇಕು.

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಶುಕ್ರವಾರ. ಕೆಂಪಾಜಮ್ಮ ಆವತ್ತು ಪುರಿ ಭಟ್ಟಿಗೆ ಹೋಗಬೇಕಿತ್ತು. ಪುರಿ ತುಂಬಿದ ಆಟೋ ಮನೆ ಮುಂದೆಯೇ ನಿಂತಿತ್ತು. ಆಟೋ ಹತ್ತಿರ ಕೂತಿರು, ಕೋತಿ ಬಂದರೆ ಅದರ ತಲೆ ಎಷ್ಟಿದೆ ಅಂತ ಅಂದಾಜು ನೋಡ್ಕೊಂಡು ಓಡಿಸು ಅಂತ ಹೇಳಿ ಹೋದಳು.

ಬೋರಲಿಂಗ ಕೂತ. ಕೋತಿ ಬಂತು. ಒಂದಲ್ಲ, ಏಳು. ದೊಡ್ಡ ಗಡವ ಒಂದು ಆಟೋ ಮೇಲೆ ಹತ್ತಿ ಕೂತಿತು. ಬೋರಲಿಂಗ ಅದರ ತಲೆಗೆ ಕೈ ಚಾಚಿದ. ಚಾಚಿದವನು ಹಿಂದಕ್ಕೆಳೆದುಕೊಂಡ. ಕೋತಿ ಯಾರದ್ದು? ಆಂಜನೇಯನದ್ದು. ಆಂಜನೇಯನನ್ನ ಕೇಳಿದ್ದಾನಾ? ಇಲ್ಲ. ಎದ್ದು ಸೀದಾ ಕೆರೆ ಏರಿ ಮೇಲಿನ ಆಂಜನೇಯನ ಗುಡಿಗೆ ನಡೆದ.

ಗುಡಿಯ ಪೂಜಾರಪ್ಪ ವಿಷಯ ಪೂರ್ತಿ ಕೇಳಲಿಲ್ಲ. ಏನೋ ಒಳ್ಳೆ ಕೆಲಸಕ್ಕೆ ಅಪ್ಪಣೆ ಕೇಳೋಕೆ ಬಂದಿದಾನೆ ಅಂದುಕೊಂಡ. ಕೂತ್ಕೋ ಮಗ, ಸ್ವಾಮಿ ಬಲಗಡೆಯಿಂದ ಹೂ ಕೊಟ್ಟರೆ ಹೂಂ ಅಂದ ಹಾಗೆ ಅಂದ. ಬೋರಲಿಂಗ ಕೂತ. ಹತ್ತು ಗಂಟೆಯಾಯಿತು, ಹನ್ನೆರಡಾಯಿತು, ಎರಡಾಯಿತು. ಸ್ವಾಮಿ ಕೊಡಲಿಲ್ಲ. ಮೂರಾದ ಮೇಲೆ ಬಲಗಡೆಯಿಂದ ಒಂದು ಕಣಗಿಲೆ ಹೂ ಉದುರಿತು. ಬೋರಲಿಂಗ ಕಣ್ಣಿಗೊತ್ತಿಕೊಂಡು, ಕಿವಿಗೆ ಸಿಗಿಸಿಕೊಂಡು, ಖುಷಿಯಾಗಿ ಮನೆಗೆ ಬಂದ.

ಮನೆ ಮುಂದೆ ಮಳೆ ಬಿದ್ದ ಹಾಗೆ ಪುರಿ ಬಿದ್ದಿತ್ತು. ಮೂರು ಮೂಟೆ ಹರಿದಿದ್ದವು. ಅವ್ವ ಪೊರಕೆ ಹಿಡಿದು ನಿಂತಿದ್ದಳು.

"ಅವ್ವ, ಸ್ವಾಮಿ ಹೂಂ ಅಂದ" ಅಂದ ಬೋರಲಿಂಗ.

ಆವತ್ತು ಕೆಂಪಾಜಮ್ಮ ಬೈಯಲಿಲ್ಲ. ಹರಿದ ಮೂಟೆ ಮೇಲೆ ಕೂತಳು. ಗಂಡ ಸತ್ತಾಗಲೂ ಮಗನ ಮುಂದೆ ಅಳದವಳು ಆವತ್ತು ಸೆರಗಿನಲ್ಲಿ ಮೂಗೊರೆಸಿಕೊಂಡಳು. ನಾನಿರೋವರೆಗೂ ದಿನಾ ಒಂದೊಂದು ಹೇಳಿಕೊಡ್ತೀನಿ, ನಾನು ಹೋದ ಮೇಲೆ ನಿನಗೆ ಯಾರಪ್ಪ ಹೇಳ್ತಾರೆ ಅಂದಳು. ಬೋರಲಿಂಗ ಪೊರಕೆ ತಗೊಂಡು ಅಂಗಳವನ್ನೆಲ್ಲ ಗುಡಿಸಿದ, ಒಂದು ಕಾಳು ಬಿಡದೆ ಗುಡಿಸಿದ. ಅದನ್ನ ನೋಡಿ ಅವಳ ಮನಸ್ಸು ಕರಗಿತು. ಹತ್ತಿರ ಕರೆದು ಮೆಲ್ಲಗೆ ಹೇಳಿದಳು:

"ಕೇಳು ಮಗ. ಕೋತಿ ನುಗ್ಗೋ ಜಾಗ ಎಲ್ಲಿ ಕಂಡರೂ, ಯಾರನ್ನೂ ಕೇಳ್ಕೊಂಡು ಕೂರಬೇಡ. ಕೈಗೆ ಸಿಕ್ಕಿದ್ದು ಹಾಕಿ ಭದ್ರವಾಗಿ ಮುಚ್ಚಿಬಿಡು."

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಕಿಟಕಿ ವಿಷಯ ಅವಳೇ ಮುಗಿಸಿದಳು. ಆ ಸಂಜೆಯೇ ಕುಣಿಗಲ್ಲಿಗೆ ಹೋಗಿ, ಆಚಾರಿ ಅಂಗಡಿಯಲ್ಲಿ ಸಿದ್ಧವಿದ್ದ ನಾಲ್ಕಡಿ ಮೂರಡಿ ಚೌಕಟ್ಟು ಆರಿಸಿ, ಕಂಬಿ ನಡುವೆ ತನ್ನ ಮೂರು ಬೆರಳು ಇಟ್ಟು ತೋರಿಸಿ, ಇಷ್ಟೇ ಸಂದು ಬಿಡಿ ಅಂದಳು. ಶನಿವಾರ ಗವಿಯಪ್ಪ ಕೂರಿಸಿದ. ಎದುರು ಗೋಡೆಯಲ್ಲಿ, ಸೂರಿನ ಹತ್ತಿರ, ಗಾಳಿ ಆಚೆ ಹೋಗೋಕೆ ಗೇಣಗಲದ ಜಾಲಂಧ್ರ ಬಿಟ್ಟು ಅದಕ್ಕೂ ಜಾಲರಿ ಬಡಿದ. ಮೇಲೆ ಶೀಟು ಬಿತ್ತು. ಆಟೋ ಒಳಗೆ ನಿಂತಿತು. ಗಾಳಿ ಕಿಟಕಿಯಲ್ಲಿ ಬಂದು ಜಾಲಂಧ್ರದಲ್ಲಿ ಹೋಗೋದು. ಭಾನುವಾರ ಸಂಜೆ ಕೆಂಪಾಜಮ್ಮ ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು. ಗರಿಗರಿ. ಅವಳ ಮುಖ ಅರಳಿತು.

ಬಾಗಿಲಿಗೆ ಹೇಳಿದ್ದ ಶಟರ್ ಬರೋದೊಂದು ಬಾಕಿ ಇತ್ತು. ಅದು ಬರೋವರೆಗೆ ಮಗನೇ ಕಾವಲು. ಸೋಮವಾರ ಕೆಂಪಾಜಮ್ಮ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಬಸ್ಸಿನಲ್ಲಿ ಹೋದಳು. ಮಾರನೇ ದಿನ ದೊಡ್ಡ ಸಂತೆ, ಆಟೋದಲ್ಲಿ ಹನ್ನೆರಡು ಮೂಟೆ ತುಂಬಿಟ್ಟಿದ್ದಳು.

ಸಂಜೆ ಹೋಳಿಗೆ ಕಟ್ಟಿಸಿಕೊಂಡು ವಾಪಸ್ ಬಂದಳು. ಮನೆ ಇದೆ. ಶೆಡ್ಡಿದೆ. ಶೆಡ್ಡಿಗೆ ಬಾಗಿಲಿನ ಜಾಗ ಮಾತ್ರ ಇಲ್ಲ. ಬೇರೆ ಯಾರ ಮನೆಗೋ ಬಂದೆನಾ ಅಂತ ಶೆಡ್ಡನ್ನ ಎರಡು ಸುತ್ತು ಸುತ್ತಿದಳು. ನಾಲ್ಕೂ ಕಡೆ ಗೋಡೆ. ಒಂದು ಗೋಡೆ ಇನ್ನೂ ಹಸಿಯಾಗಿತ್ತು.

"ಬಂದ್ಯಾ ಅವ್ವ?" ಅಂತು ಕಿಟಕಿ.

ಕಂಬಿ ಹಿಂದೆ ಬೋರಲಿಂಗನ ಮುಖ. ಮೂಗಿನ ಮೇಲೆ ಸಿಮೆಂಟು. ಅವನು ನಡೆದದ್ದನ್ನೆಲ್ಲ ಸಮಾಧಾನವಾಗಿ ಹೇಳಿದ. ಬೆಳಗ್ಗೆ ಕೋತಿಗಳು ಬಂದವು. ಕಿಟಕಿಯಲ್ಲಿ ನೋಡಿದವು, ತಲೆ ತೂರಲಿಲ್ಲ. ಆಮೇಲೆ ಬಾಗಿಲಿಗೆ ಬಂದವು. ಬಾಗಿಲಲ್ಲಿ ಕೋತಿ ಏನು, ಕೋಣ ನುಗ್ಗುತ್ತೆ. ಯಾರನ್ನೂ ಕೇಳಿಕೊಂಡು ಕೂರಲಿಲ್ಲ. ಗವಿಯಪ್ಪ ಮೇಸ್ತ್ರಿ ಉಳಿದ ಬ್ಲಾಕು, ಮರಳು, ಸಿಮೆಂಟು, ಕರಣೆ, ನೀರಿನ ಡ್ರಮ್ಮು ಎಲ್ಲ ಶೆಡ್ಡಿನೊಳಗೇ ಬಿಟ್ಟಿದ್ದ. ಕೈಗೆ ಸಿಕ್ಕಿದ್ದು ಹಾಕಿ ಭದ್ರವಾಗಿ ಮುಚ್ಚಿದೆ. ಒಂದು ಕಾಳೂ ಹೋಗಿಲ್ಲ ಕಣವ್ವ.

ಕೆಂಪಾಜಮ್ಮ ಪಕ್ಕದ ಬೀದಿಗೆ ಓಡಿ ಗವಿಯಪ್ಪನನ್ನ ಕರೆತಂದಳು. ಗವಿಯಪ್ಪ ಗೋಡೆ ಮುಂದೆ ನಿಂತ. ತೂಗುಗುಂಡು ಬಿಟ್ಟು ನೋಡಿದ. ಅಂಗೈಯಲ್ಲಿ ಸವರಿದ. ಮತ್ತೊಂದು ಸಲ ತೂಗುಗುಂಡು ಬಿಟ್ಟ.

"ಇವನಿಗೆ ಯಾರು ಕಲಿಸಿದ್ದು ಕೆಂಪಕ್ಕ?"

ಯಾರೂ ಕಲಿಸಿಲ್ಲ, ವಾರವಿಡೀ ನೀನು ಕಟ್ಟೋದು ನೋಡ್ತಾ ಕೂತಿದ್ದ ಅಷ್ಟೇ ಅಂದಳು. ಗವಿಯಪ್ಪ ತಲೆಯಾಡಿಸಿದ. ನನ್ನ ಹತ್ತಿರ ಆರು ವರ್ಷದಿಂದ ಇರೋರ ಗೋಡೆ ಇಷ್ಟು ನೆಟ್ಟಗೆ ಬರಲ್ಲ, ಹೇಳಿದ್ದನ್ನ ಹೇಳಿದಷ್ಟೇ ಮಾಡೋ ಆಳು ನನಗೆ ಸಿಕ್ಕೇ ಇಲ್ಲ, ಬುಧವಾರದಿಂದ ಕೆಲಸಕ್ಕೆ ಕಳಿಸು, ದಿನಾ ನಾನು ಹೇಳ್ತೀನಿ ಅವನಿಗೆ ಅಂದ. ಹಸಿ ಗೋಡೆ ಕೆಡವೋದು ಅರ್ಧ ಗಂಟೆ ಕೆಲಸ, ಬೆಳಗಿನ ಸಂತೆಗೆ ಆಟೋ ಆಚೆ ಬರುತ್ತೆ, ಹಾರೆ ತರ್ತೀನಿ ಅಂತ ಹೋದ. ಇಂಥ ಗೋಡೆ ಕೆಡವಬೇಕಲ್ಲ ಅಂತ ದಾರಿಯುದ್ದಕ್ಕೂ ಹೊಟ್ಟೆ ಉರಿದುಕೊಂಡೇ ಹೋದ.

ಕೆಂಪಾಜಮ್ಮ ಕಿಟಕಿ ಕೆಳಗೆ ನಿಂತಳು. ಎದೆ ಹಗುರಾಗಿತ್ತು. ಹೋಳಿಗೆ ಮಡಚಿ ಮಡಚಿ ಕಂಬಿ ಸಂದಿನಲ್ಲಿ ಕೊಟ್ಟಳು. ಮಗ ತಿಂದ. ಒಂದು ತಿಂದ, ಎರಡು ತಿಂದ, ಮೂರು ತಿಂದ. ಒಳಗೆ ಗಾಳಿ ಬರುತ್ತಾ ಅಂತ ಕೇಳಿದಳು. ತಂಪಾಗಿದೆ ಕಣವ್ವ, ನಿದ್ದೆ ಬರೋ ಹಂಗಿದೆ ಅಂದ.

"ಅಲ್ವೋ ಬೋರ, ಬಾಗಿಲು ಮುಚ್ಚೋವಾಗ ನೀನು ಆಚೆ ಹೆಂಗೆ ಬರೋದು ಅಂತ ಯೋಚನೆ ಮಾಡಲಿಲ್ವೇನೋ?"

ಬೋರಲಿಂಗ ಅಗಿಯೋದು ನಿಲ್ಲಿಸಿದ. ಗೋಡೆ ನೋಡಿದ, ಕಂಬಿ ನೋಡಿದ.

"ನಿಜ ಕಣವ್ವ" ಅಂದ. "ಕಿಟಕಿ ಇನ್ನೊಂಚೂರು ದೊಡ್ಡದು ಮಾಡಿಸಬೇಕಿತ್ತು."