ಗಾಳಿಗೆಂದು ಬಿಟ್ಟ ಸಂಡಿಗೆ

ಬೇಸಿಗೆಯಲ್ಲಿ ಸಂಡಿಗೆ ಒಣಗಿದ ಮೇಲೆ ಅಜ್ಜಿ ಎಲ್ಲವನ್ನೂ ಡಬ್ಬಿಗೆ ತುಂಬುತ್ತಾರೆ. ಒಂದನ್ನು ಮಾತ್ರ ಹಾಸಿದ ಸೀರೆಯ ಮೇಲೆಯೇ ಬಿಟ್ಟು ಬರುತ್ತಾರೆ. ಗುಬ್ಬಿಗೇನೋ ಅಂದುಕೊಂಡಿದ್ದೆ. ಅಲ್ಲವಂತೆ. ಗಾಳಿಗಂತೆ. ಯಾಕೆ ಅಂತ ಕೇಳಿದ್ದಕ್ಕೆ ಈ ಕತೆ ಹೇಳಿದರು.

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಸುಡಬೇಕು ಅಂತ ಸೂರ್ಯನಿಗೆ ತಿಳಿದಿರಲಿಲ್ಲ. ಮನಸ್ಸಿಗೆ ಬಂದಷ್ಟು ಸುಡುತ್ತಿದ್ದ. ಆದರೂ ಹಂಪವ್ವ ಅನ್ನುವವಳ ಮನೆ ತಣ್ಣಗಿತ್ತು. ಯಾಕೆಂದರೆ ಗಾಳಿ ಆಗ ಮನೆಯೊಳಗೇ ಇರುತ್ತಿತ್ತು. ನೀರಿನ ಗಡಿಗೆಗೆ ಒರಗಿ ಕೂರುತ್ತಿತ್ತು. ಅವಳ ಕೂಸು ಅತ್ತರೆ ಎದ್ದು ಹೋಗಿ ತೊಟ್ಟಿಲು ತೂಗುತ್ತಿತ್ತು. ಹಂಪವ್ವ ಅದನ್ನು ತಮ್ಮ ಅನ್ನುತ್ತಿದ್ದಳು, ಅದು ಅವಳನ್ನು ಅಕ್ಕ ಅನ್ನುತ್ತಿತ್ತು. ತೊಟ್ಟಿಲು ತೂಗುವುದನ್ನು ಮಾತ್ರ ಯಾರೂ ಒಂದು ಕೆಲಸ ಅಂತ ಎಣಿಸಿರಲಿಲ್ಲ.

ಒಂದು ದಿನ ಹಂಪವ್ವ ಅಂಗಳದಲ್ಲಿ ಸೀರೆ ಹಾಸಿ ಸಂಡಿಗೆ ಇಟ್ಟಳು. ಗಾಳಿಗೆ ಆಟ. ಸೀರೆಯ ಅಂಚು ಎತ್ತಿತು, ಬೀದಿಯ ಮಣ್ಣನ್ನೆಲ್ಲ ತಂದು ಹಸಿ ಸಂಡಿಗೆಯ ಮೇಲೆ ಸುರಿಯಿತು. ಬೆಳಗಿನಿಂದ ಹಿಟ್ಟು ತಿರುವಿ ಅವಳ ಕೈ ಸೋತಿತ್ತು.

“ನಿನಗೆ ಕೆಲಸ ಇಲ್ಲ ಅಂತ ನನ್ನ ಕೆಲಸಾನೂ ಕೆಡಿಸ್ತೀಯಾ? ಸಂಡಿಗೆ ಒಣಗೋ ತನಕ ಈ ಕಡೆ ಬರಬೇಡ.”

ಗಾಳಿ ಸೀರೆಯ ಅಂಚನ್ನು ಕೆಳಗಿಟ್ಟಿತು. “ಆಯ್ತಕ್ಕ. ಒಣಗಿದ ಮೇಲೆ ಕರಿ,” ಅಂತು. ಹೋಗುವಾಗ ತನ್ನ ತಂಪನ್ನು ಸ್ವಲ್ಪ ಗಡಿಗೆಯೊಳಗೆ ಇಟ್ಟು, ಕೂಸಿಗೆ ಬೇಕಾಗುತ್ತೆ ಅಂತ ಗಡಿಗೆಗೆ ಹೇಳಿ ಹೋಯಿತು.

ಮತ್ತೆ ಇಟ್ಟ ಸಂಡಿಗೆ ಆ ದಿನ ಚೆನ್ನಾಗಿ ಒಣಗಿತು. ಹಂಪವ್ವನಿಗೆ ಹಿಗ್ಗು. ನಾಳೆ ಅರಳು ಸಂಡಿಗೆ ಇಟ್ಟುಬಿಡೋಣ, ಆಮೇಲೆ ಕರೆದರಾಯ್ತು ಅಂದುಕೊಂಡಳು. ಅದರ ಮರುದಿನ ಹಪ್ಪಳ. ಆಮೇಲೆ ಮಜ್ಜಿಗೆ ಮೆಣಸಿನಕಾಯಿ. ದಿನವೂ ಏನಾದರೊಂದು ಒಣಗಬೇಕಿತ್ತು. ದಿನವೂ, ಆಮೇಲೆ ಕರೆದರಾಯ್ತು.

ತೊಟ್ಟಿಲು ನಿಂತಿತು. ಕೂಸಿನ ಕತ್ತಿನ ತುಂಬ ಬೆವರುಗುಳ್ಳೆ. ನಿದ್ದೆ ಇಲ್ಲ, ಹಾಲೂ ಬೇಡ. ಕೊನೆಗೆ ಅಳುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನೆ ಬಿದ್ದುಕೊಂಡಿತು. ಆಗ ಹಂಪವ್ವ ಅಂಗಳಕ್ಕೆ ಓಡಿ ಗಾಳಿಯನ್ನು ಕರೆದಳು, ಮತ್ತೆ ಮತ್ತೆ ಕರೆದಳು.

ಅಂಗಳದ ಬೇವಿನ ಮರ ಹೇಳಿತು: “ದಿನಾ ನನ್ನ ಕೆಳಗಿನ ಕೊಂಬೆ ಮೇಲೇ ಕೂತು ಕಾಯ್ತಿತ್ತು ಕಣವ್ವ. ಈಗ ಕರೀತಾಳೆ, ಈಗ ಕರೀತಾಳೆ ಅಂತ. ನಿನ್ನೆ ಎದ್ದು ಹೋಯ್ತು.”

ಅವಳು ಒಳಗೆ ಬಂದಾಗ, ಗಾಳಿ ಇಟ್ಟು ಹೋದ ತಂಪನ್ನು ಹೊರಕ್ಕೆ ದೂಡಿ ದೂಡಿ ಗಡಿಗೆಯ ಮೈಯೆಲ್ಲ ಬೆವೆತಿತ್ತು. ಹಂಪವ್ವ ಆ ಗಡಿಗೆಯ ನೀರಲ್ಲಿ ಬಟ್ಟೆ ಅದ್ದಿ ಕೂಸಿನ ಮೈ ಒರೆಸಿದಳು, ಒರೆಸುತ್ತಲೇ ಇದ್ದಳು. ಕೂಸು ಕಣ್ಣು ಬಿಟ್ಟಿತು. ಬದುಕಿತು. ಆದರೆ ತನ್ನಷ್ಟಕ್ಕೆ ತೂಗುವ ತೊಟ್ಟಿಲಲ್ಲಿ ಅದು ಮತ್ತೆ ಮಲಗಲಿಲ್ಲ.

ಅದಕ್ಕೇ ಮಣ್ಣಿನ ಗಡಿಗೆ ಇವತ್ತಿಗೂ ಬೆವರುತ್ತದೆ. ಅದಕ್ಕೇ, ಸಂಡಿಗೆ ಒಣಗುವ ಮಧ್ಯಾಹ್ನಗಳಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ.

ಒಣಗಿದ್ದು ಗಾಳಿಯ ಕಣ್ಣಿಗೆ ಬೀಳಲಿ ಎಂದು ಅಜ್ಜಿ ಇವತ್ತೂ ಒಂದನ್ನು ಬಿಟ್ಟಿದ್ದಾರೆ. ಅದರ ಪಕ್ಕ ನಿಂತು, ಬೇವಿನ ಮರದ ಕಡೆ ನೋಡಿ, ಒಣಗಿದೆ ಅಂತ ಮೆಲ್ಲಗೆ ಹೇಳಿದರು. ಎಲೆ ಅಲ್ಲಾಡಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡು ಇನ್ನೊಮ್ಮೆ ಅಂದರು:

“ಒಣಗಿದೆ ಕಣೋ ತಮ್ಮಾ. ಒಳಗೆ ಬಾ.”